ರಾಜನಿಗೆ ಗ್ರಾಂಥಿಕ, ಕುಡುಕನಿಗೆ ಕಲಬುರಗಿ ಕನ್ನಡ: ಇದೆಂಥ ಲೋಕ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಫ್ಯಾಂಟಸಿ ಕಥೆಗಳು ಬರುತ್ತಿವೆ. ಬರೆಯುವವರಲ್ಲಿ ಕಲಬುರಗಿ, ಬೀದರ, ಯಾದಗಿರಿ ಕಡೆಯ ಹೊಸಬರೂ ಇದ್ದಾರೆ ಎನ್ನುವುದು ಸಂತೋಷದ ಮಾತು. ಕೋಟೆ, ಮಾಯಾವಿ, ಎರಡು ಚಂದ್ರ, ಮಾತಾಡುವ ತೋಳ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಪಾತ್ರಗಳು ಬಾಯಿ ತೆರೆದ ಕೂಡಲೇ ಆ ಲೋಕದ ಮೇಲಿನ ನಂಬಿಕೆ ಹೊರಟುಹೋಗುತ್ತದೆ. ರಾಜ ‘ಎಲೈ ಮಂತ್ರಿಯೇ, ಶತ್ರುಸೈನ್ಯವು ಸಮೀಪಿಸುತ್ತಿದೆ’ ಅನ್ನುತ್ತಾನೆ. ಕಾವಲುಗಾರ, ಕುಡುಕ, ರಾಕ್ಷಸನ ಅಡುಗೆಯವ ಮಾತ್ರ ‘ಏನ್ ಮಾಡ್ಲಕತ್ತೀರಿ’ ಅನ್ನುತ್ತಾರೆ. ಸಿನಿಮಾದ ಹಾಸ್ಯಪಾತ್ರಗಳಿಂದ ಅಂಟಿದ ಚಾಳಿ ಇದು. ನಮ್ಮ ಕಡೆಯವರೇ ನಮ್ಮ ಮಾತನ್ನು ನಗೆಪಾಟಲು ಮಾಡಿದರೆ ಯಾರನ್ನು ದೂರಬೇಕು?

ಇಂಥ ಹಸ್ತಪ್ರತಿಗಳನ್ನು ತಿದ್ದುವ ನಾವು ಹೇಳುವುದು ಒಂದೇ: ಆ ಲೋಕದಲ್ಲಿ ಯಾರು, ಯಾರ ಜೊತೆ, ಯಾವ ಕೆಲಸಕ್ಕೆ ಯಾವ ಭಾಷೆ ಆಡುತ್ತಾರೆ ಎಂಬುದನ್ನು ನಕಾಶೆ ಬರೆಯುವ ಮೊದಲೇ ತೀರ್ಮಾನಿಸಬೇಕು. ಈಗ ಆಗುತ್ತಿರುವುದು ತಿರುಗಾಮುರುಗಾ. ಮೊದಲು ಬೆಟ್ಟ-ಹೊಳೆ ಬರೆದು, ಹನ್ನೆರಡು ತಲೆಮಾರಿನ ವಂಶಾವಳಿ ಹಾಕಿ, ಹೆಸರುಗಳನ್ನು ಬಾಯಿಗೆ ಬಂದಂತೆ ಇಟ್ಟು, ಸಂಭಾಷಣೆ ಬರೆಯಲು ಕೂತಾಗ ಭಾಷೆಯ ನೆನಪಾಗುತ್ತದೆ.

ಮಾಡಬೇಕಾದ ಕೆಲಸ ಅರ್ಧ ಹಾಳೆಯದ್ದು. ಹತ್ತು ಸಂದರ್ಭ ಬರೆದುಕೊಳ್ಳಿ: ತೆರಿಗೆ ಕಟ್ಟುವುದು, ಸಂತೆಯ ಚೌಕಾಸಿ, ಪೂಜೆ, ಹೆಣ್ಣು ಕೇಳಲು ಹೋಗುವುದು, ಜಗಳ, ಲೆಕ್ಕ, ದನ ಕರೆಯುವುದು, ನ್ಯಾಯ ಹೇಳುವುದು, ಜೋಗುಳ, ಯುದ್ಧದ ಅಪ್ಪಣೆ. ಪ್ರತಿಯೊಂದರ ಮುಂದೆ ಭಾಷೆಯ ಹೆಸರು ಹಾಕಿ. ಹತ್ತಕ್ಕೂ ಒಂದೇ ಉತ್ತರ ಬಂದರೆ ಲೋಕ ತೆಳುವಾಯಿತು, ಹತ್ತಕ್ಕೂ ಹತ್ತು ಬೇರೆ ಬಂದರೆ ಓದುಗ ಓಡಿಹೋಗುತ್ತಾನೆ. ಮೂರು ಸಾಕು. ಮನೆಯದ್ದೊಂದು, ಕಚೇರಿ-ಸಂತೆಯದ್ದೊಂದು, ದೇವರದ್ದೊಂದು.

ಇದಕ್ಕೆ ಮಾದರಿ ಹುಡುಕಿ ಪರದೇಶಕ್ಕೆ ಹೋಗಬೇಕಿಲ್ಲ. 1948ರವರೆಗೆ ಕಲಬುರಗಿ, ಬೀದರ, ಯಾದಗಿರಿ ಈ ಮೂರೂ ಜಿಲ್ಲೆಗಳ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಉರ್ದು, ಸಂತೆಯಲ್ಲಿ ದಖನಿ, ಅಂದರೆ ಉರ್ದುವಿನ ಈ ಕಡೆಯ ಆಡುರೂಪ. ಔರಾದ, ಭಾಲ್ಕಿ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು. ಕನ್ನಡ ಮಾತ್ರ ಬಲ್ಲ ರೈತ ತನ್ನದೇ ಹೊಲದ ಕಾಗದ ಓದಿಸಲು ಇನ್ನೊಬ್ಬನ ಹತ್ತಿರ ಹೋಗಬೇಕಿತ್ತು. ಆ ಇನ್ನೊಬ್ಬನ ಕೈಯಲ್ಲಿ ಎಷ್ಟು ಅಧಿಕಾರ ಇತ್ತೆಂದು ಯೋಚಿಸಿ: ಕಥೆಗೆ ಮಾಂತ್ರಿಕನೇ ಬೇಡ, ಓದಿ ಹೇಳುವವ ಸಾಕು. ಸುರಪುರ ಸೀಮೆಯ ತಿಂಥಣಿಯಲ್ಲಿ ಸಂತ ಮೌನೇಶ್ವರನ ಭಕ್ತರು ಹಾಕುವ ಜಯಘೋಷ ‘ಏಕ್ ಲಾಖ್ ಐಂಶಿ ಹಜಾರ್’ (ಒಂದು ಲಕ್ಷ ಎಂಬತ್ತು ಸಾವಿರ) ಎಂದು ಶುರುವಾಗುತ್ತದೆ. ಹಾಕುವವರ ಮನೆಮಾತು ಕನ್ನಡ. ಇಂಥದ್ದನ್ನು ಕೂತು ಕಲ್ಪಿಸುವುದು ಕಷ್ಟ, ನೋಡಿ ಕಲಿಯುವುದು ಸುಲಭ.

ಇನ್ನು ಓದುಗನಿಗೆ ಇದನ್ನು ಕೇಳಿಸುವುದು ಹೇಗೆ? ಕಥೆ ಯಾರ ಕಣ್ಣಿನಿಂದ ಸಾಗುತ್ತದೋ ಅವರ ಮನೆಮಾತು ಓದುಗನ ಕನ್ನಡ ಆಗಬೇಕು. ಉಳಿದ ಭಾಷೆ ಆ ಪಾತ್ರಕ್ಕೆ ಎಷ್ಟು ಅರ್ಥವಾಗುತ್ತದೋ ಓದುಗನಿಗೂ ಅಷ್ಟೇ ಸಿಗಬೇಕು. ಕುರಿ ಕಾಯುವ ಹುಡುಗಿ ದರ್ಬಾರಿಗೆ ಬಂದಳು ಎನ್ನಿ. ಅವಳಿಗೆ ದರ್ಬಾರಿ ಭಾಷೆಯಲ್ಲಿ ‘ಕುರಿ’, ‘ತೆರಿಗೆ’, ‘ಬಾ’, ‘ಹೋಗು’ ಇಷ್ಟೇ ಗೊತ್ತಿದ್ದರೆ ಆ ಇಡೀ ಪ್ರಸಂಗದಲ್ಲಿ ಅಷ್ಟೇ ಶಬ್ದ ತಿಳಿಯಬೇಕು. ಉಳಿದದ್ದು ಮುಖ, ಕೈ, ದನಿಯ ಏರಿಳಿತ. ‘ಅವರು ಬೇರೆ ಭಾಷೆಯಲ್ಲಿ ಮಾತಾಡಿಕೊಂಡರು’ ಎಂದು ಬರೆದು ಕೆಳಗೆ ಆ ಮಾತನ್ನೆಲ್ಲ ಶುದ್ಧ ಕನ್ನಡದಲ್ಲಿ ಕೊಡುವುದು ಬಹಳ ಹಸ್ತಪ್ರತಿಗಳಲ್ಲಿ ಕಾಣುತ್ತದೆ. ಹಾಗೆ ಕೊಟ್ಟರೆ ಹುಡುಗಿ ಹೆದರಿದ್ದು ಯಾಕೆ ಅಂತ ಓದುಗನಿಗೆ ತಿಳಿಯುವುದಿಲ್ಲ.

ನಮ್ಮ ಕಡೆಯ ಮಾತಿನಲ್ಲೇ ಬರೆಯುವವರಿಗೆ ಒಂದು ಎಚ್ಚರಿಕೆ. ಕೇಳಿದ್ದನ್ನೆಲ್ಲ ಅಕ್ಷರಕ್ಕೆ ಇಳಿಸಿದರೆ ಮೈಸೂರಿನವರಿರಲಿ, ಕಲಬುರಗಿಯವರೂ ತಡವರಿಸುತ್ತಾರೆ. ನಾಲ್ಕೈದು ಲಕ್ಷಣ ಆರಿಸಿಕೊಂಡು ಕಡೆಯವರೆಗೆ ಬಿಡದೆ ಹಿಡಿಯಬೇಕು: ‘ನನಗ, ನಿನಗ’, ‘ಊರಾಗ, ಮನ್ಯಾಗ’, ‘ಬಂದಾನ, ಬಂದಾಳ, ಬಂದಾರ’, ಹೊಳೆ ‘ಹೊಳಿ’ ಆಗುವುದು, ‘ಮಾಡ್ಲಕತ್ತಾನ’. ಕಲಬುರಗಿ, ಬೀದರ ಕಡೆಯ ‘ಅದ’ ಮತ್ತು ಧಾರವಾಡ, ಬೆಳಗಾವಿ ಹಳ್ಳಿಗಳ ‘ಐತಿ’ ಎರಡನ್ನೂ ಒಂದೇ ಬಾಯಿಗೆ ತುರುಕಬಾರದು. ಅದು ಎಷ್ಟೋ ಜನ ಮಾಡುವ ತಪ್ಪು, ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದೇ ಇದೆ ಅಂದುಕೊಂಡದ್ದರ ಫಲ. ರಾಜನೂ ಇದೇ ಮಾತು ಆಡಲಿ. ‘ಅವರು ಹೊಳಿ ದಾಟ್ಯಾರ. ನಾಳಿ ಮುಂಜಾನಿಗೆ ಅಗಸಿ ಮುಂದ ಇರ್ತಾರ’ ಎಂದು ರಾಜ ಹೇಳಿದರೆ ‘ಶತ್ರುಸೈನ್ಯವು ಸಮೀಪಿಸುತ್ತಿದೆ’ ಎನ್ನುವುದಕ್ಕಿಂತ ಹೆಚ್ಚು ಭಯವಾಗುತ್ತದೆ, ಏಕೆಂದರೆ ಹೊಳೆ ಯಾವುದು, ಹೊತ್ತು ಯಾವುದು, ಬಾಗಿಲು ಯಾವುದು ಎಲ್ಲ ಅದರಲ್ಲಿದೆ.

ಕನ್ನಡದಲ್ಲಿ ಫ್ಯಾಂಟಸಿ ಬರೆಯುವವರು ತಪ್ಪಿಸಿಕೊಳ್ಳಲಾಗದ ಒಂದು ತೊಡಕಿದೆ. ಸರಿಯಾಗಿ ಬಳಸಿದರೆ ಅದೇ ಒಂದು ಸವಲತ್ತು. ಕನ್ನಡದ ಕ್ರಿಯಾಪದ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಮಾತಾಡುವ ತೋಳ ‘ಬಂದಿತೋ’, ‘ಬಂದನೋ’, ‘ಬಂದಳೋ’? ಪ್ರತಿ ವಾಕ್ಯದ ಕೊನೆಗೂ ಈ ಪ್ರಶ್ನೆ ಕಾದಿರುತ್ತದೆ. ಬುದ್ಧಿ ಇರುವವರು ಅವನು-ಅವಳು, ಇಲ್ಲದ್ದು ಅದು, ಇದು ವ್ಯಾಕರಣ. ಆದರೆ ಆಡುಮಾತು ಅಷ್ಟಕ್ಕೆ ನಿಲ್ಲುವುದಿಲ್ಲ. ಕೂಸು ‘ಅಳ್ತದ’, ದೇವರು ಮೈಮೇಲೆ ‘ಬಂತು’, ದೆವ್ವ ‘ಹಿಡಕೊಂಡದ’. ಆದ್ದರಿಂದ ಪ್ರತಿ ಜೀವಜಾತಿಗೂ ಎರಡು ತೀರ್ಮಾನ ಬರೆದಿಟ್ಟುಕೊಳ್ಳಬೇಕು: ಮನುಷ್ಯರು ಅದನ್ನು ಏನೆಂದು ಕರೆಯುತ್ತಾರೆ, ಅದು ತನ್ನವರನ್ನು ಏನೆಂದು ಕರೆಯುತ್ತದೆ. ಕೋಟೆಯೊಳಗಿನವರು ‘ತೋಳ ಬಂತು’ ಅನ್ನುತ್ತಿರಲಿ. ಕಾಡಂಚಿನ ಮುದುಕಿ ಒಬ್ಬಳೇ ‘ತೋಳ ಬಂದ’ ಅನ್ನಲಿ. ಯಾರು ಯಾವ ಕಡೆ ಎಂಬುದನ್ನು ವಿವರಿಸಲು ಒಂದು ಪ್ಯಾರಾ ಬೇಕಾಗುವುದಿಲ್ಲ. ಮುಂದೊಮ್ಮೆ ಸೇನಾಪತಿಯ ಬಾಯಲ್ಲಿ ‘ಬಂತು’ ಹೋಗಿ ‘ಬಂದ’ ಬಂದರೆ ಅವನು ಬದಲಾಗಿದ್ದಾನೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇದು ಕೆಡುವುದು ಎಲ್ಲಿ ಎಂದರೆ, ಒಂದೇ ಪುಟದಲ್ಲಿ ‘ತೋಳ ಹೇಳಿತು’, ಮರುಸಾಲಿನಲ್ಲಿ ‘ಅವನು ನಕ್ಕನು’ ಎಂದು ಬರೆಗಾರರೇ ಮರೆತು ಬರೆದಾಗ. ಅರ್ಥಪೂರ್ಣವಾಗಿ ಬದಲಿಸಿದರೂ ಓದುಗ ಆಗ ಅದನ್ನೂ ಮುದ್ರಣದೋಷ ಎಂದೇ ಓದುತ್ತಾನೆ.

ಬಹುವಚನ ಇನ್ನೂ ಕಷ್ಟ. ‘ಮನುಷ್ಯರೂ ತೋಳಗಳೂ’ ಬಂದರೋ, ಬಂದವೋ? ಯಾವುದು ಹಾಕಿದರೂ ಒಬ್ಬರಿಗೆ ಅನ್ಯಾಯ. ಇಂಥ ವಾಕ್ಯವನ್ನು ಒಡೆದು ಬರೆಯುವುದೇ ದಾರಿ: ‘ತೋಳಗಳನ್ನು ಕರಕೊಂಡು ಜನ ಬಂದರು’. ಮುಸುಕು ಹಾಕಿದ ಪಾತ್ರ ಗಂಡೋ ಹೆಣ್ಣೋ ಹೇಳಬಾರದು ಎಂದಿದ್ದರೆ ಕನ್ನಡದಲ್ಲಿ ಮೂರು ಅಡಗುತಾಣ ಇವೆ. ಗೌರವದ ‘ಅವರು’, ಕೃದಂತ (‘ಮುಸುಕು ಹಾಕಿ ಬಂದು ನಿಂತ ಜೀವ’), ಇಲ್ಲವೇ ಉತ್ತಮ ಪುರುಷ. ‘ನಾನು ಬಂದೆ’ ಅಂದರೆ ಯಾರೂ ಕೇಳುವುದಿಲ್ಲ. ಇಡೀ ಕಾದಂಬರಿ ಈ ಗುಟ್ಟಿನ ಮೇಲೆ ನಿಂತಿದ್ದರೆ ಉತ್ತಮ ಪುರುಷವೇ ವಾಸಿ. ಕೃದಂತದಲ್ಲಿ ಮುನ್ನೂರು ಪುಟ ಎಳೆಯಲಾಗದು. ಇನ್ನೊಂದು ಸಣ್ಣ ಸಂಗತಿ: ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ, ಮರಾಠಿಯಲ್ಲಿ ‘ಆಪಣ್’ ಬೇರೆ, ‘ಆಮ್ಹೀ’ ಬೇರೆ. ಕೇಳುವವನನ್ನು ಸೇರಿಸಿದ ನಾವು, ಬಿಟ್ಟ ನಾವು. ಈಗಿನ ಕನ್ನಡಕ್ಕೆ ಈ ಭೇದ ಇಲ್ಲ. ನಿಮ್ಮ ಬೆಟ್ಟದ ಜನರ ಭಾಷೆಗೆ ಇದನ್ನು ಕೊಟ್ಟರೆ ಒಂದು ಸಂಧಾನವೇ ಮುರಿದುಬೀಳುವಷ್ಟು ಕಥೆ ಅದರಲ್ಲಿದೆ.

ಹೆಸರಿನ ವಿಷಯಕ್ಕೆ ಬರೋಣ. ‘ಝಾರ್ಥ್’, ‘ಕ್ಸೆಲ್ಡ್ರ್’ ಎಂಬಂಥವು ಪ್ರತಿ ಕಟ್ಟಿನಲ್ಲೂ ಇರುತ್ತವೆ. ಹೆಸರು ಇಡುವ ಮೊದಲು ಅದನ್ನು ಎಲ್ಲ ವಿಭಕ್ತಿಗಳಲ್ಲಿ ಜೋರಾಗಿ ಹೇಳಿ ನೋಡಬೇಕು. ವ್ಯಂಜನಕ್ಕೆ ನಿಂತ ಹೆಸರು ಮೂರನೇ ಪುಟದಲ್ಲಿ ‘ಝಾರ್ಥ್‌ಗೆ’, ಹತ್ತನೇ ಪುಟದಲ್ಲಿ ‘ಝಾರ್ಥನಿಗೆ’, ಇಪ್ಪತ್ತರಲ್ಲಿ ‘ಝಾರ್ಥಿಗೆ’ ಆಗುತ್ತದೆ. ಅಕಾರಕ್ಕೆ ನಿಂತರೆ ಕನ್ನಡ ತಾನೇ ಕೆಲಸ ಮಾಡುತ್ತದೆ: ‘ಸೊರಮನಿಗೆ’ ಎಂದರೆ ಗಂಡು, ‘ಸೊರಮಳಿಗೆ’ ಎಂದರೆ ಹೆಣ್ಣು, ‘ಸೊರಮಕ್ಕೆ’ ಎಂದರೆ ಊರು. ಪರಿಚಯದ ವಾಕ್ಯವೇ ಬೇಡ. ಎಕಾರ, ಇಕಾರಕ್ಕೆ ನಿಂತ ಹೆಸರು ಇದನ್ನು ಬಿಟ್ಟುಕೊಡುವುದಿಲ್ಲ. ‘ಬಿದಿರೆಗೆ’ ಎಂದರೆ ಊರೂ ಆಗಬಹುದು, ಹುಡುಗಿಯೂ ಆಗಬಹುದು. ಮುಖ್ಯ ಪಾತ್ರ ಎರಡರ ಮೊದಲಕ್ಷರ ಒಂದೇ ಆಗದಿರಲಿ. ಅಚ್ಚಗನ್ನಡ ಶಬ್ದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ಹಿಡಿದು ಒಂದು ಜನಾಂಗಕ್ಕೆ ಖ, ಘ, ಧ, ಭ ಇಲ್ಲದ ಹೆಸರು, ಇನ್ನೊಂದಕ್ಕೆ ಇರುವ ಹೆಸರು ಕೊಟ್ಟರೆ ಹೆಸರು ಕೇಳಿಯೇ ಊರು ತಿಳಿಯುತ್ತದೆ. ಆದರೆ ಒಳ್ಳೆಯವರಿಗೆ ಲ, ಮ, ನ, ಕೆಟ್ಟವರಿಗೆ ಘ, ಝ ಎಂಬ ಹಂಚಿಕೆ ಮಾತ್ರ ಬೇಡ, ಸವೆದುಹೋಗಿದೆ.

ಲೋಕ ಹಳೆಯದು ಅನ್ನಿಸಬೇಕಾದರೆ ಒಂದೇ ಹೆಸರಿಗೆ ಎರಡು ವಯಸ್ಸು ಬೇಕು. ಕನ್ನಡದಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಮುಂದಿನ ಮೂರು-ನಾಲ್ಕು ಶತಮಾನಗಳಲ್ಲಿ ಮೊದಲಿನ ಪಕಾರ ಹಕಾರವಾಯಿತು: ಪುಲಿ ಹುಲಿ, ಪಳ್ಳಿ ಹಳ್ಳಿ, ಪೊಲ ಹೊಲ. ಯಾದಗಿರಿ ಜಿಲ್ಲೆಯ ದಕ್ಷಿಣಕ್ಕೆ ಹರಿಯುವ ಕೃಷ್ಣೆ ಹಳೆಯ ಶಾಸನಗಳಲ್ಲಿ ‘ಪೆರ್ದೊರೆ’, ಆಮೇಲೆ ‘ಹೆದ್ದೊರೆ’. ಕಥೆಯಲ್ಲಿ ಗುಡಿಯ ಕಲ್ಲಿನ ಮೇಲೆ ಪೆರ್ದೊರೆ ಇರಲಿ, ಅಂಬಿಗ ಹೆದ್ದೊರೆ ಅನ್ನಲಿ. ಇಸವಿ ಹೇಳದೆ ನಾನೂರು ವರ್ಷ ದಾಟಿದಂತಾಯಿತು. ಇಲ್ಲಿ ಎಡವುವುದು ಉತ್ಸಾಹದಲ್ಲಿ. ಕಂಡ ಹಕಾರವನ್ನೆಲ್ಲ ಪಕಾರ ಮಾಡುವವರು ಇದ್ದಾರೆ. ಹಗಲು ಹಿಂದೆ ‘ಪಗಲ್’ ಆಗಿದ್ದದ್ದು ಖರೇ, ಆದರೆ ಅರಬಿಯಿಂದ ಬಂದ ಹುಕುಮನ್ನು ‘ಪುಕುಂ’ ಮಾಡಿದರೆ ನಗಬೇಕಾಗುತ್ತದೆ.

ಹೊಸ ಭಾಷೆಯನ್ನೇ ಕಟ್ಟುವವರೂ ಹೀಗೆಯೇ ನಡೆಯಬಹುದು. ಗುರುಮಠಕಲ್ ಗಡಿಯಲ್ಲಿ ನಿಂತರೆ ಒಂದು ನಿಯಮ ಕಿವಿಗೇ ಬೀಳುತ್ತದೆ: ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು, ಕಿವಿ ಚೆವಿ, ಕೈ ಚೆಯ್ಯಿ. ಇಂಥ ಒಂದೇ ನಿಯಮವನ್ನು ತಪ್ಪದೆ ನಡೆಸಿದರೆ ಎರಡು ಭಾಷೆ ಅಕ್ಕತಂಗಿಯರಂತೆ ಕೇಳುತ್ತವೆ. ಎರಡು-ಮೂರು ನಿಯಮ ಹಾಕಿದರೆ ಅವುಗಳ ಸರದಿಯನ್ನೂ ಬರೆದಿಡಬೇಕು. ಹಳೆಯ ಶಬ್ದ ‘ಮಕಿ’ ಎನ್ನಿ. ಮೊದಲು ಕಿ ಚಿ ಆಗಿ, ಆಮೇಲೆ ಕೊನೆಯ ಸ್ವರ ಬಿದ್ದರೆ ‘ಮಚ್’. ಸ್ವರ ಮೊದಲು ಬಿದ್ದರೆ ‘ಮಕ್’. ಅಲ್ಲಿ ಚಕಾರಕ್ಕೆ ದಾರಿಯೇ ಇಲ್ಲ. ಸರದಿ ಮರೆತವರ ಎರಡನೇ ಸಂಪುಟದಲ್ಲಿ ಶಬ್ದಗಳು ಮೊದಲನೆಯದರ ಜೊತೆ ಕೂಡಿಬರುವುದಿಲ್ಲ. ವ್ಯಾಕರಣಕ್ಕೆ ಎರಡು ಪುಟ, ಶಬ್ದಕ್ಕೆ ಇನ್ನೂರು. ಒಂದು ಕಾದಂಬರಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಉಳಿದದ್ದು ಬರೆಯುವುದನ್ನು ಮುಂದೂಡಲು ಹುಡುಕುವ ನೆಪ.

ಹಳೆಯ ಬರಹ ಕಥೆಯಲ್ಲಿ ಸಿಕ್ಕಾಗಲೆಲ್ಲ ಪೂರ್ತಿ ಸಿಗುತ್ತದೆ, ಅದೂ ಪ್ರಾಸಬದ್ಧವಾಗಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಆದದ್ದು ನೋಡಿ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿದು, ದೇವಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮೂರ್ತಿ ನಿಲ್ಲಿಸಲು ಕಲ್ಲಿಗೆ ತೂತು ಕೊರೆದಿದ್ದರಿಂದ ಅಷ್ಟು ಭಾಗದ ಅಕ್ಷರ ಹೋಗಿವೆ. ಕೊರೆದವರಿಗೆ ಅದು ಓದಲು ಬರುತ್ತಿರಲಿಲ್ಲ, ಅವರಿಗೆ ಬೇಕಾದದ್ದು ಚಪ್ಪಟೆ ಕಲ್ಲು. ನಿಮ್ಮ ಭವಿಷ್ಯವಾಣಿಯ ಕಲ್ಲೂ ಹೀಗೆ ಯಾವುದೋ ಕೆಲಸಕ್ಕೆ ಬಿದ್ದಿರಲಿ, ಆ ಕೆಲಸ ಯಾವ ಭಾಗವನ್ನು ತಿಂದಿತು ಎಂಬುದು ಮೊದಲೇ ಗೊತ್ತಿರಲಿ. ಎಲ್ಲಿ ಬೇಕೋ ಅಲ್ಲಿ ಮೂರು ಚುಕ್ಕೆ ಹಾಕಿ ‘ಅಕ್ಷರ ಅಳಿಸಿದೆ’ ಎಂದರೆ ಕಥೆಗಾರರ ಅನುಕೂಲಕ್ಕೆ ಅಳಿಸಿ ಹೋದ ಹಾಗೆ ಕಾಣುತ್ತದೆ.

ಹೊಸ ಶಬ್ದ ಟಂಕಿಸುವಾಗ ಆಗುವ ಎಡವಟ್ಟು ಸೇಡಂ ತಾಲ್ಲೂಕಿನ ಮಳಖೇಡದಷ್ಟು ಹಳೆಯದು. ಆ ಊರು ಮಾನ್ಯಖೇಟ ಎಂಬ ಹೆಸರಿನಲ್ಲಿ ರಾಷ್ಟ್ರಕೂಟರ ರಾಜಧಾನಿ ಆಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಸಂಸ್ಕೃತ-ಕನ್ನಡ ಶಬ್ದಗಳನ್ನು ಸಿಕ್ಕಾಪಟ್ಟೆ ಸಮಾಸ ಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ್ದಕ್ಕೆ ಹೋಲಿಸಿದೆ. ‘ಅಗ್ನಿಕೋಲು’, ‘ರಕ್ತಹೊಳೆ’, ‘ಛಾಯಾಬೇಟೆಗಾರ’ ಎಂದು ಬರೆಯುವವರಿಗೆ ಆ ಮಾತು ಈಗಲೂ ಸಲ್ಲುತ್ತದೆ. ನಾವು ಮಡಿವಂತರಲ್ಲ. ‘ನೆತ್ತರಹೊಳೆ’, ‘ರಕ್ತನದಿ’ ಎರಡೂ ಇರಲಿ. ಸಿಪಾಯಿ ಮೊದಲನೆಯದು ಅನ್ನಲಿ, ಪುರೋಹಿತ ಎರಡನೆಯದು ಬರೆಯಲಿ. ಬಿರುದಾವಳಿಗೆ ಮಾತ್ರ ಹಳೆಯ ವ್ಯಾಕರಣಕಾರರೂ ವಿನಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಜಂಬದ ಅರಸನೊಬ್ಬನ ಬಿರುದುಗಳಲ್ಲಿ ಬೇಕಾದಷ್ಟು ಅರಿಸಮಾಸ (ಇಂಥ ಸಂಸ್ಕೃತ-ಕನ್ನಡ ಬೆರಕೆ ಸಮಾಸ) ಮಾಡಿ, ಚಂದವೇ.

ಬಂದ ಶಬ್ದಗಳು ಬಂದ ದಾರಿಯನ್ನು ಹೇಳುತ್ತವೆ. ಖಜಾನೆ, ಹುಕುಂ, ಸರದಾರ, ಫೌಜು, ಸವಾರ ಎಂದ ಕೂಡಲೇ ಓದುಗನ ತಲೆಯಲ್ಲಿ ಬಹಮನಿ ಕೋಟೆ ಏಳುತ್ತದೆ. ನಿಮ್ಮ ಲೋಕಕ್ಕೆ ಅಂಥ ಸಂಪರ್ಕವಿದ್ದರೆ ಧಾರಾಳವಾಗಿ ಬಳಸಿ, ಇಲ್ಲದಿದ್ದರೆ ಬೊಕ್ಕಸ, ಅಪ್ಪಣೆ, ದಂಡನಾಯಕ, ದಂಡು, ರಾವುತ ಇವೆ. ‘ಚಾವಿ’ ಪೋರ್ಚುಗೀಸರದ್ದು, ಕೀಲಿಕೈ ಅನ್ನಿ. ಗಂಟೆ, ನಿಮಿಷ, ಸೆಕೆಂಡು ಗಡಿಯಾರ ಇಲ್ಲದ ಲೋಕಕ್ಕೆ ನುಸುಳುತ್ತಲೇ ಇರುತ್ತವೆ. ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ; ಜಾವ ಎಂದರೆ ಮೂರು ಗಂಟೆ. ‘ಎರಡನೇ ಜಾವ’ ಸಾಕು, ‘ರಾತ್ರಿ ಹತ್ತೂವರೆ’ ಬೇಡ. ಊಟದಲ್ಲೂ ಹೀಗೇ. ಕಲ್ಯಾಣದ ಚಾಲುಕ್ಯರ ಕಾಲವನ್ನು ಹೋಲುವ ರಾಜ್ಯ ಕಟ್ಟಿ, ಸೈನಿಕನ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ಇಡುತ್ತಾರೆ. ರೊಟ್ಟಿ ಸರಿ, ತೊಗರಿಯೂ ಸರಿ. ಮೆಣಸಿನಕಾಯಿ, ಶೇಂಗಾ, ಬಟಾಟಿ, ತಂಬಾಕು ಎಲ್ಲ ಅಮೆರಿಕ ಖಂಡದವು, ನಮ್ಮ ಕಡೆ ಬಂದದ್ದು 16ನೆಯ ಶತಮಾನದಿಂದ ಈಚೆಗೆ. ಅದಕ್ಕೆ ಮುಂಚೆ ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಒಣಶುಂಠಿ, ಎಣ್ಣೆಗೆ ಕುಸುಬಿ, ಎಳ್ಳು, ದೀಪಕ್ಕೆ ಔಡಲ. ಕಲ್ಪಿತ ಲೋಕದಲ್ಲಿ ಮೆಣಸಿನಕಾಯಿ ಬೆಳೆದರೆ ತಪ್ಪಿಲ್ಲ, ಬರೆಗಾರರಿಗೆ ಅದು ಗೊತ್ತಿದ್ದು ಬೆಳೆದಿರಬೇಕು ಅಷ್ಟೇ.

ದಂಡಿನ ಲೆಕ್ಕದಲ್ಲಿ ಬಹಳ ಜನ ಸೋಲುತ್ತಾರೆ. ಕಲಬುರಗಿಯಿಂದ ಬೀದರಕ್ಕೆ ಸುಮಾರು 110 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ ಇಪ್ಪತ್ತೆರಡು ಹರದಾರಿ. ಎತ್ತಿನ ಗಾಡಿಗಳ ಸಾಮಾನು ಕಟ್ಟಿಕೊಂಡ ದಂಡು ದಿನಕ್ಕೆ 15 ಕಿಲೋಮೀಟರ್ ನಡೆದರೆ ಹೆಚ್ಚು, ಅಂದರೆ ಎಂಟು ದಿನ. ಸಾವಿರ ಕುದುರೆಗೆ ತಲಾ 4 ಕಿಲೋ ಕಾಳು ಅಂದರೂ ದಿನಕ್ಕೆ 40 ಕ್ವಿಂಟಲ್. ಗಾಡಿಗೆ 5 ಕ್ವಿಂಟಲ್‌ನಂತೆ ದಿನಕ್ಕೆ ಎಂಟು ಗಾಡಿ, ಎಂಟು ದಿನಕ್ಕೆ 64 ಗಾಡಿ, 128 ಎತ್ತು, ಆ ಎತ್ತುಗಳ ಮೇವು ಬೇರೆ. ಅದೂ ಒಣ ದಾರಿಯಲ್ಲಿ. ಆಷಾಢದಲ್ಲಿ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಅಲ್ಲೇ ಕೂರುತ್ತದೆ, ಹಳ್ಳ-ಹೊಳೆ ತುಂಬಿರುತ್ತವೆ, ರೈತನ ಹಗೇವು (ನೆಲದೊಳಗಿನ ಕಾಳಿನ ಕಣಜ) ಖಾಲಿ ಇರುತ್ತದೆ. ದಸರಾ ಮುಗಿದು ಹೊಳೆ ಇಳಿದ ಮೇಲೆ ಹೊರಡುವುದು ಸುಮ್ಮನೆ ಬಂದ ಪದ್ಧತಿಯಲ್ಲ.

ಮಾಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾಷೆ ಹೆಚ್ಚು ಕೆಡುವುದು ಅಲ್ಲಿ. ‘ಓಂ ಹ್ರೀಂ’ ಅಂದರೆ ಸಾಕು, ಬೆಂಕಿ ಬರುತ್ತದೆ. ಏನು ಖರ್ಚಾಯಿತು, ಯಾವಾಗ ಕೈಕೊಡುತ್ತದೆ, ಏನೂ ಇಲ್ಲ. ಬೀದರದ ಬಿದ್ರಿ ಕೆಲಸವನ್ನು ಹತ್ತಿರದಿಂದ ನೋಡಿದವರು ಹಾಗೆ ಬರೆಯಲಾರರು. ಸತು ಹದಿನಾರು ಭಾಗಕ್ಕೆ ತಾಮ್ರ ಒಂದು ಭಾಗದ ಆಸುಪಾಸು ಸೇರಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದು ಗೆರೆ ಕಾಣಲಿ ಎಂದಷ್ಟೇ. ಉಳಿಯಿಂದ ಚಿತ್ತಾರ ಕೆತ್ತಿ, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆ ಕಪ್ಪನ್ನು ಉಜ್ಜಿ ತೆಗೆದರೆ ಬೆಳ್ಳಿಯೂ ಬಿಳಿ, ಪಾತ್ರೆಯೂ ಬಿಳಿ, ಚಿತ್ತಾರವೇ ಮಾಯ. ಆಮೇಲೆ ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಲೋಹ ಕಾಡಿಗೆಗಪ್ಪು ಆಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಮಣ್ಣು ಎಲ್ಲಿಯದೋ ಆದರೆ ನಡೆಯುವುದಿಲ್ಲ. ಮಳೆ-ಬಿಸಿಲು ಬೀಳದೆ ಬಹುಕಾಲ ಮುಚ್ಚಿದ್ದ ಜಾಗದ್ದೇ ಆಗಬೇಕು. ಯಾವ ಮಣ್ಣು ಸರಿ ಎಂದು ಎಲ್ಲೂ ಬರೆದಿಟ್ಟಿಲ್ಲ, ಕುಶಲಕರ್ಮಿ ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾನೆ.

ಒಂದು ಮಾಯೆಗೆ ಬೇಕಾದದ್ದೆಲ್ಲ ಇಲ್ಲಿದೆ. ನಿಗದಿತ ವಸ್ತು, ಸರದಿ, ನಡುವೆ ಎಲ್ಲ ಹಾಳಾದಂತೆ ಕಾಣುವ ಹಂತ, ತೀರಿಹೋಗಬಹುದಾದ ಮಣ್ಣು, ನಾಲಿಗೆ ಕಳಕೊಂಡರೆ ಕೆಲಸ ಕಳಕೊಳ್ಳುವ ಮನುಷ್ಯ. ಶಬ್ದವೂ ಇಲ್ಲಿಂದಲೇ ಬರಲಿ. ಕೈಕೆಲಸದವರು ತಮ್ಮ ಕೆಲಸಕ್ಕೆ ಇಡುವ ಹೆಸರು ಚಿಕ್ಕದು: ಎರಕ, ಹದ, ಪುಟ, ಅಚ್ಚು, ಕಪ್ಪು. ನಿಮ್ಮ ಮಾಂತ್ರಿಕ ‘ಕಪ್ಪು ಹಿಡೀಲಿಲ್ಲ’ ಎಂದು ಗೊಣಗಿದರೆ ‘ಮಂತ್ರಶಕ್ತಿಯು ವಿಫಲವಾಯಿತು’ ಎನ್ನುವ ಗೋಜೇ ಇರುವುದಿಲ್ಲ.

ಒಳಸಂಚಿಗೂ ವಸ್ತು ಬೇಕು. ಬೀದರದಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ 1481ರಲ್ಲಿ ತಲೆ ಕಳಕೊಂಡದ್ದು ಶಾಪದಿಂದಲ್ಲ. ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಅವನ ಮೊಹರು ಒತ್ತಿಸಿ, ಮೇಲೆ ರಾಜದ್ರೋಹದ ಪತ್ರ ಬರೆದರು. ಮೊಹರು ಯಾರ ಹತ್ತಿರ ಇರುತ್ತದೆ, ಪತ್ರ ಯಾವ ಭಾಷೆಯಲ್ಲಿ ಇರುತ್ತದೆ, ಅದನ್ನು ಓದಬಲ್ಲವರು ಎಷ್ಟು ಜನ, ಇವಿಷ್ಟು ಮೊದಲಿನ ಅರ್ಧ ಹಾಳೆಯಲ್ಲೇ ಇರಬೇಕು.

ಕೊನೆಗೆ ಪತ್ರಿಕೆಯವರಲ್ಲಿ ನಮ್ಮ ಕೇಳಿಕೆ. ಈ ಕಥೆಗಳನ್ನು ಪುಟಕ್ಕೆ ಕೂರಿಸುವಾಗ ‘ಬಂದಾನ’ವನ್ನು ‘ಬಂದಿದ್ದಾನೆ’ ಎಂದು ತಿದ್ದಬೇಡಿ. ಕಥೆಗಾರರು ಒಂದೇ ಬಾಯಲ್ಲಿ ಎರಡೂ ಬರೆದಿದ್ದರೆ ಅವರನ್ನೇ ಕೇಳಿ. ‘ತೋಳ ಬಂತು’, ‘ತೋಳ ಬಂದ’ ಎರಡನ್ನೂ ಒಂದು ಮಾಡಬೇಡಿ. ಹಳಗನ್ನಡದ ಅಕ್ಷರಗಳಾದ ಱ, ೞ ಎರಡೂ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿವೆ (ೞಕಾರಕ್ಕೆ ಆ ಪಟ್ಟಿಯಲ್ಲಿ ತಪ್ಪಿ ‘ಫ’ ಎಂದು ಹೆಸರು ಬಿದ್ದು, ಹೆಸರು ಬದಲಿಸಬಾರದೆಂಬ ನಿಯಮದಿಂದ ಹಾಗೇ ಉಳಿದಿದೆ; ಅದಕ್ಕೆ ಹುಡುಕಿದರೆ ಸಿಗುವುದಿಲ್ಲ). ಅವುಗಳ ಜಾಗದಲ್ಲಿ ರ, ಳ ಹಾಕಿದರೆ ಹಳೆಯ ಕಲ್ಲಿನ ಬರಹ ಹೊಸದಾಗಿಬಿಡುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗೆ (ಫಾಂಟಿಗೆ) ಪರಿವರ್ತಿಸುವಾಗ ವ್ಯಂಜನಾಂತ ಹೆಸರಿನ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ, ‘ಮೌನ್‌ದೀನ್’ ಹೋಗಿ ‘ಮೌನ್ದೀನ್’ ಆಗುತ್ತದೆ. ಕರಡಿನಲ್ಲಿ ಹೆಸರುಗಳ ಪಟ್ಟಿ ಇಟ್ಟುಕೊಂಡು ಒಂದೊಂದನ್ನೂ ನೋಡಬೇಕು. ಕಥೆಯ ಬುಡದಲ್ಲಿ ಶಬ್ದಾರ್ಥದ ಚೌಕ ಮಾತ್ರ ಬೇಡ. ಮೂರು ಸಾವಿರ ಶಬ್ದದ ಕಥೆಗೆ ಹೊಸ ಶಬ್ದ ಆರಕ್ಕಿಂತ ಹೆಚ್ಚಿದ್ದರೆ ಕಥೆಗಾರರಿಗೆ ವಾಪಸು ಕಳಿಸಿ, ಪುರವಣಿಯ ಜಾಗವೂ ಉಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಕಥೆ-ಕಾದಂಬರಿಗಳ ಹಸ್ತಪ್ರತಿ ತಿದ್ದುವ ಇಬ್ಬರು ಓದುಗರು
ಕಲಬುರಗಿ